ಕಡಲ ನೀರಿನಲ್ಲಿ ನೆನೆದ ಫೋನನ್ನು ಒಣಗಿಸುವುದು ಹೇಗೆ?

ಪ್ರಶ್ನೆ:
ನಿನ್ನೆ ಸಂಜೆ ಮಲ್ಪೆಯ ಕಡಲತೀರದಲ್ಲಿ ದೊಡ್ಡ ಅಲೆಯೊಂದು ಬಡಿದು, ಪ್ಯಾಂಟಿನ ಜೇಬಿನಲ್ಲಿದ್ದ ನನ್ನ ಫೋನು ಪೂರ್ತಿ ನೆನೆಯಿತು. ಕೂಡಲೇ ಸ್ವಿಚ್ ಆಫ್ ಮಾಡಿ, ಮನೆಗೆ ಬಂದು ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟಿದ್ದೇನೆ. ಅದು ಐಪಿ68 (ಧೂಳು, ನೀರು ತಡೆಯುವ ಮಟ್ಟ) ಗುರುತಿನ, ಮೂರು ವರ್ಷ ಹಳೆಯ ಫೋನು. ಇಂದು ಚಾರ್ಜಿಗೆ ಹಾಕಬಹುದೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಚಾರ್ಜಿಗೆ ಹಾಕಲೇಬೇಡಿ, ಮೊದಲು ಫೋನನ್ನು ಅಕ್ಕಿಯಿಂದ ಹೊರಗೆ ತೆಗೆಯಿರಿ. ತೆರೆದ ಗಾಳಿಗಿಂತ ಹೆಚ್ಚಿನದೇನನ್ನೂ ಅಕ್ಕಿ ಮಾಡುವುದಿಲ್ಲ. ಅದರ ಹುಡಿ ಮಾತ್ರ ಚಾರ್ಜರ್ ಸಿಕ್ಕಿಸುವ ಪೋರ್ಟಿನೊಳಗೆ ಸೇರಿಕೊಳ್ಳುತ್ತದೆ. ಆಪಲ್ ಕಂಪನಿಯೂ ಅಕ್ಕಿ ಬೇಡವೆಂದೇ ಹೇಳಿದೆ. ಹೇರ್ ಡ್ರೈಯರ್ ಕೂಡ ಬೇಡ, ಏಕೆಂದರೆ ಬಿಸಿಗೆ ಗಾಜಿನ ಸುತ್ತಲಿನ ಅಂಟು ಸಡಿಲಗೊಳ್ಳುತ್ತದೆ, ಬ್ಯಾಟರಿಗೂ ಅದು ಅಪಾಯ.

ನಿಮಗೆ ನಿಜವಾದ ಶತ್ರು ಉಪ್ಪು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ನೀರು ಆರಿದ ಮೇಲೂ ಅದು ಅಲ್ಲೇ ಉಳಿದು, ಕರಾವಳಿಯ ಗಾಳಿಯಲ್ಲಿರುವ ತೇವವನ್ನು ಹೀರಿಕೊಂಡು, ಪೋರ್ಟಿನ ಪಿನ್ನುಗಳ ನಡುವೆ ವಿದ್ಯುತ್ತಿಗೆ ಅಡ್ಡದಾರಿ ಮಾಡಿಕೊಡುತ್ತದೆ. ಆಗ ಚಾರ್ಜರ್ ಸಿಕ್ಕಿಸಿದರೆ ಪಿನ್ನುಗಳು ಬೇಗನೆ ಕಿಲುಬು ಹಿಡಿಯುತ್ತವೆ. ಆದ್ದರಿಂದ ಫೋನಿನ ಹೊರಮೈಯನ್ನೂ ಪೋರ್ಟನ್ನೂ ನಲ್ಲಿಯ ಸಣ್ಣ ಧಾರೆಯಲ್ಲಿ ತೊಳೆದು, ಪೋರ್ಟನ್ನು ಕೆಳಮುಖವಾಗಿ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಫ್ಯಾನಿನ ಕೆಳಗೆ 24 ಗಂಟೆ ಬಿಡಿ. ಪೋರ್ಟಿನೊಳಗೆ ಹತ್ತಿ ತುರುಕಬೇಡಿ.

ಉತ್ತರ 2:
ನಾನು ರಿಪೇರಿ ಅಂಗಡಿ ನಡೆಸುವವನು. ತೊಳೆಯುವ ಸಲಹೆ ಸರಿಯೇ, ಆದರೆ ನೀರು ಒಳಗೆ ಹೋಗಿಲ್ಲವೆಂದು ಖಚಿತವಾದರೆ ಮಾತ್ರ. ಐಪಿ68 ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಅದೂ ಹೊಸ ಫೋನಿನ ಮೇಲೆ. ಮೂರು ವರ್ಷದಲ್ಲಿ ನೀರು ತಡೆಯುವ ಅಂಟು ಸವೆದಿರುತ್ತದೆ. ಸಿಮ್ ಟ್ರೇ ಹೊರತೆಗೆದು ಆ ಕಿಂಡಿಯೊಳಗೆ ಟಾರ್ಚ್ ಹಾಕಿ ನೋಡಿ. ಅನೇಕ ಫೋನುಗಳಲ್ಲಿ ಅಲ್ಲೊಂದು ಬಿಳಿ ಗುರುತಿರುತ್ತದೆ. ಅದು ಕೆಂಪಾಗಿದ್ದರೆ ನೀರು ಒಳಹೊಕ್ಕಿದೆ ಎಂದರ್ಥ. ಹಾಗಿದ್ದಲ್ಲಿ ತೊಳೆಯುವುದೂ ಬೇಡ, ಆನ್ ಮಾಡಿ ನೋಡುವುದೂ ಬೇಡ. ಬೇಗನೆ ಬಿಚ್ಚಿಸಿ, ಬ್ಯಾಟರಿಯ ಸಂಪರ್ಕ ತಪ್ಪಿಸಿ, ಒಳಗಿನ ಸರ್ಕ್ಯೂಟ್ ಬೋರ್ಡನ್ನು ಬೇಗನೆ ಆರಿಹೋಗುವ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆಸಬೇಕು. ವಾರಗಟ್ಟಲೆ ಅಕ್ಕಿಯಲ್ಲಿಟ್ಟು ಕೊನೆಗೆ ಹಸಿರುಗಟ್ಟಿದ ಬೋರ್ಡನ್ನು ತರುವವರೇ ನಮ್ಮಲ್ಲಿ ಹೆಚ್ಚು.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಕೃತಜ್ಞತೆಗಳು. ಗುರುತು ಕೆಂಪಾಗಿತ್ತು, ಹಾಗಾಗಿ ತೊಳೆಯದೆ ನೇರವಾಗಿ ಅಂಗಡಿಗೆ ಒಯ್ದೆ. ಚಾರ್ಜಿಂಗ್ ಬೋರ್ಡಿನಲ್ಲಿ ಮಾತ್ರ ಕಿಲುಬು ಕಾಣಿಸಿದ್ದರಿಂದ ಅದನ್ನು ಬದಲಿಸಿ, ಮುಖ್ಯ ಬೋರ್ಡನ್ನು ತೊಳೆದು ಕೊಟ್ಟಿದ್ದಾರೆ. ಫೋನು ಈಗ ನಡೆಯುತ್ತಿದೆ, ಆದರೂ ಫೋಟೊಗಳನ್ನೆಲ್ಲ ಇಂದೇ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುತ್ತಿದ್ದೇನೆ.