ಸ್ಪೀಡೋಮೀಟರ್ ಮುಳ್ಳು ಆಗಾಗ ಸೊನ್ನೆಗೆ ಬೀಳುತ್ತೆ, ಪಿ0500 ಕೋಡ್. ಸ್ಪೀಡ್ ಸೆನ್ಸರ್ ಬದಲಿಸಬೇಕಾ?

ನಾಲ್ಕನೇಗೇರ್:
ಹಳೆಯ ಪೆಟ್ರೋಲ್ ಕಾರು, ಮ್ಯಾನ್ಯುವಲ್ ಗೇರ್, ಮುಂದಿನ ಚಕ್ರಗಳಿಗೆ ಡ್ರೈವ್, ಎಬಿಎಸ್ ಇಲ್ಲ. ಓಡ್ತಾ ಇರುವಾಗಲೇ ಮುಳ್ಳು ಸೊನ್ನೆಗೆ ಬೀಳುತ್ತೆ, ಸ್ವಲ್ಪ ದೂರ ಹೋದ ಮೇಲೆ ತಾನಾಗೇ ಏಳುತ್ತೆ. ಬಿದ್ದಷ್ಟು ಹೊತ್ತು ಕಿಲೋಮೀಟರ್ ಕೂಡ ಏರಲ್ಲ. ಕ್ಲಚ್ ತುಳಿದು ನಿಲ್ಲಿಸೋಕೆ ಹೋದರೆ ಒಮ್ಮೊಮ್ಮೆ ಇಂಜಿನ್ ಆಫ್ ಆಗುತ್ತೆ. ಸ್ಕ್ಯಾನರ್‌ನಲ್ಲಿ ಪಿ0500. ಸೆನ್ಸರ್ ಗೇರ್‌ಬಾಕ್ಸ್ ಮೇಲಿದೆ, ಒಂದೇ ಬೋಲ್ಟ್, ಮೂರು ವೈರ್. ಹೋಗಿರೋದು ಸೆನ್ಸರೇ ಅಂತ ಖಚಿತ ಮಾಡ್ಕೊಳ್ಳೋದು ಹೇಗೆ? ಬಿಚ್ಚೋ ಮುಂಚೆ ಗೇರ್ ಆಯಿಲ್ ಇಳಿಸಬೇಕಾ? ಹೊಸದು ಹಾಕಿದ ಮೇಲೆ ಮೀಟರ್ ಸೆಟ್ಟಿಂಗ್ ಏನಾದರೂ ಮಾಡಿಸಬೇಕಾ?

ವೈರಿಂಗ್‌ಪಂಡಿತ:
ಪಿ0500 ಅಂದರೆ ಇಸಿಯುಗೆ (ಇಂಜಿನ್ ನಡೆಸೋ ಕಂಪ್ಯೂಟರ್‌ಗೆ) ವೇಗದ ಸಿಗ್ನಲ್ ಸರಿಯಾಗಿ ಬರ್ತಿಲ್ಲ ಅಂತ ಅಷ್ಟೇ. ಸೆನ್ಸರ್ ಕೆಟ್ಟಿದೆ ಅಂತ ಅದು ಹೇಳಲ್ಲ. ಕೋಡ್ ನೋಡಿ ನೇರ ಪಾರ್ಟ್ ತರೋರೇ ಜಾಸ್ತಿ, ಅದಕ್ಕೇ ಮೊದಲು ಇದನ್ನ ಹೇಳ್ತಿದ್ದೀನಿ. ಇಂಜಿನ್ ಆಫ್ ಆಗೋದೂ ಇದರದ್ದೇ ಬಾಲ: ಗಾಡಿ ಇನ್ನೂ ಉರುಳ್ತಿದೆ ಅಂತ ಇಸಿಯುಗೆ ಗೊತ್ತಾಗದಿದ್ದರೆ ಐಡ್ಲಿಂಗ್ ಗಾಳಿಯನ್ನ ಸರಿಯಾಗಿ ಹಿಡಿದಿಡೋಕೆ ಆಗಲ್ಲ.

ಮೂರು ವೈರ್ ಇದ್ದರೆ ಸಾಮಾನ್ಯವಾಗಿ ಹಾಲ್ ಸೆನ್ಸರ್ (ಆಯಸ್ಕಾಂತ ತಿರುಗೋದನ್ನ ಗುರುತಿಸೋದು): ಸಪ್ಲೈ, ಅರ್ತ್, ಸಿಗ್ನಲ್. ಮೊದಲು ಫ್ಯೂಸ್ ನೋಡಿ. ಆಮೇಲೆ ಕನೆಕ್ಟರ್ ಕಳಚಿ, ಇಗ್ನಿಷನ್ ಆನ್ ಮಾಡಿ (ಇಂಜಿನ್ ಸ್ಟಾರ್ಟ್ ಬೇಡ), ಹಾರ್ನೆಸ್ (ಗಾಡಿಯ ವೈರ್) ಕಡೆಯ ಪಿನ್‌ಗಳನ್ನ ಅಳೆಯಿರಿ. ಸಪ್ಲೈನಲ್ಲಿ ಗಾಡಿಗೆ ತಕ್ಕಂತೆ 12 ಅಥವಾ 5 ವೋಲ್ಟ್ ಬರಬೇಕು. ಬಹಳಷ್ಟು ಗಾಡಿಗಳಲ್ಲಿ ಸಿಗ್ನಲ್ ವೈರಿಗೂ ಮೀಟರ್ ಅಥವಾ ಇಸಿಯು ಕಡೆಯಿಂದಲೇ ವೋಲ್ಟೇಜ್ ಬರುತ್ತೆ, ಸೆನ್ಸರ್ ಅದನ್ನ ಅರ್ತ್‌ಗೆ ಎಳೆದು ಎಳೆದು ಬಿಡುತ್ತೆ. ಅಂಥ ಗಾಡಿಯಲ್ಲಿ ಸಿಗ್ನಲ್ ಪಿನ್ ಸತ್ತಿದ್ದರೆ ದೋಷ ವೈರಿಂಗ್‌ನಲ್ಲೋ ಮೀಟರ್‌ನಲ್ಲೋ ಇದೆ, ಹೊಸ ಸೆನ್ಸರ್ ಹಾಕಿದರೂ ಅದೇ ಕಥೆ.

ಮೂರೂ ಸರಿ ಇದ್ದರೆ ಕನೆಕ್ಟರ್ ವಾಪಸ್ ಹಾಕಿ, ಮಲ್ಟಿಮೀಟರ್ ಪ್ರೋಬನ್ನ ಹಿಂಬದಿಯಿಂದ ಸಿಗ್ನಲ್ ಪಿನ್‌ಗೆ ತಾಗಿಸಿ. ವೈರ್ ಸಿಪ್ಪೆ ಚುಚ್ಚಬೇಡಿ, ಆ ತೂತಿನಿಂದ ನೀರು ಇಳಿದು ಒಳಗಿನ ತಾಮ್ರ ಹಸಿರಾಗುತ್ತೆ. ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಮುಂದಿನ ಒಂದು ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಗೇರ್ ನ್ಯೂಟ್ರಲ್. ಚಕ್ರವನ್ನ ಕೈಯಲ್ಲಿ ನಿಧಾನವಾಗಿ ತಿರುಗಿಸಿದರೆ ವೋಲ್ಟೇಜ್ ಸೊನ್ನೆಗೆ ಬಂದು ಮತ್ತೆ ಏರಬೇಕು. ಜೋರಾಗಿ ತಿರುಗಿಸಿದರೆ ಡಿಜಿಟಲ್ ಮಲ್ಟಿಮೀಟರ್ ಸರಾಸರಿ ತೋರಿಸುತ್ತೆ, 12 ವೋಲ್ಟಿನ ಜಾಗದಲ್ಲಿ 6 ಕಂಡು ಗಾಬರಿ ಬೀಳ್ತೀರಿ. ಜಪಾನಿ ಪದ್ಧತಿಯ ಸೆನ್ಸರ್ ಶಾಫ್ಟ್ ಕಿಲೋಮೀಟರ್‌ಗೆ 637 ಸುತ್ತು ಸುತ್ತುತ್ತೆ, ಸುತ್ತಿಗೆ 4 ಪಲ್ಸ್, ಅಂದರೆ 4 ಏರಿಳಿತ. ಒಂದೇ ಚಕ್ರ ಎತ್ತಿದಾಗ ಡಿಫರೆನ್ಷಿಯಲ್ (ಎರಡೂ ಚಕ್ರಗಳಿಗೆ ಡ್ರೈವ್ ಹಂಚೋ ಗೇರ್ ಜೋಡಣೆ) ಅರ್ಧ ವೇಗದಲ್ಲಿ ತಿರುಗೋದರಿಂದ, ಚಕ್ರದ ಒಂದು ಪೂರ್ತಿ ಸುತ್ತಿಗೆ ಸಿಗೋದು ಎರಡೋ ಮೂರೋ ಏರಿಳಿತ. ಅಷ್ಟೇ ಬಂತಲ್ಲ ಅಂತ ಸೆನ್ಸರ್ ಮೇಲೆ ಅನುಮಾನ ಪಡಬೇಡಿ.

ಹತ್ತುನಂಬರ್‌ಸ್ಪ್ಯಾನರ್:
ಅಳೆಯೋ ವಿಷಯ ಮೇಲೆ ಹೇಳಿದ್ದೇ ಸರಿ, ನಾನು ಬಿಚ್ಚೋದು ಹೇಳ್ತೀನಿ. ಆಯಿಲ್ ಇಳಿಸೋದು ಬೇಡ. ಸೆನ್ಸರ್ ಕೂತಿರೋ ತೂತು ಗೇರ್ ಆಯಿಲ್ ತುಂಬೋ ಪ್ಲಗ್‌ಗಿಂತ ಮೇಲಿದ್ದರೆ, ಗಾಡಿ ಸಮತಟ್ಟಾಗಿ ನಿಂತಿರುವಾಗ ಬರೋದು ನಾಲ್ಕು ಹನಿ. ಕೆಳಗಿದ್ದರೆ ಮಾತ್ರ ಟ್ರೇ ಇಟ್ಕೊಳ್ಳಿ, ಕೆಲಸ ಮುಗಿದ ಮೇಲೆ ಲೆವೆಲ್ ನೋಡಿ ತುಂಬಿ.

ಇಂಜಿನ್ ತಣ್ಣಗಾಗಲಿ, ಬ್ಯಾಟರಿ ನೆಗೆಟಿವ್ ತೆಗೆಯಿರಿ. ಬಿಚ್ಚೋ ಮುಂಚೆ ಸೆನ್ಸರ್ ಸುತ್ತ ಬ್ರಷ್ ಹಾಕಿ ಚೆನ್ನಾಗಿ ಒರೆಸಿ. ಅಲ್ಲಿ ಕೂತ ಮಣ್ಣು ಒಳಗೆ ಬಿದ್ದರೆ ಸೀದಾ ಬೇರಿಂಗ್‌ಗೆ ಹೋಗುತ್ತೆ. ಬೋಲ್ಟ್ ತೆಗೆದರೂ ಸೆನ್ಸರ್ ಅಲ್ಲಾಡಲ್ಲ, ಓ-ರಿಂಗ್ (ಸೀಲ್ ಮಾಡೋ ರಬ್ಬರ್ ಉಂಗುರ) ಗಟ್ಟಿಯಾಗಿ ಅಂಟಿರುತ್ತೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಪ್ಲಾಸ್ಟಿಕ್ ಮುರಿದು ಅರ್ಧ ಒಳಗೇ ಉಳಿಯುತ್ತೆ, ಆಮೇಲೆ ಗೇರ್‌ಬಾಕ್ಸ್ ಇಳಿಸೋ ಮಾತು. ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು ಸ್ವಲ್ಪ ಕಾದು, ಎಡಕ್ಕೆ ಬಲಕ್ಕೆ ತಿರುಚ್ತಾ ಮೇಲಕ್ಕೆ ಎಳೀರಿ.

ಹಾಕುವಾಗ ಹೊಸ ಓ-ರಿಂಗ್‌ಗೆ ಗೇರ್ ಆಯಿಲ್ ಸವರಿ. ಸಿಲಿಕೋನ್ ಗಮ್ ಬೇಡವೇ ಬೇಡ. ಕೈಯಲ್ಲೇ ಪೂರ್ತಿ ಕೂರಬೇಕು. ಕೂರದಿದ್ದರೆ ಸೆನ್ಸರ್ ತುದಿಯ ಗೇರಿಗೂ ಒಳಗಿನ ಗೇರಿಗೂ ಹಲ್ಲಿಗೆ ಹಲ್ಲು ಸಿಕ್ಕಿಲ್ಲ ಅಂತ ಅರ್ಥ, ಆ ತುದಿಯ ಗೇರನ್ನ ಒಂಚೂರು ತಿರುಗಿಸಿ ಮತ್ತೆ ಒತ್ತಿ. ಬೋಲ್ಟ್ ಬಿಗಿದು ಕೂರಿಸೋಕೆ ಹೋದರೆ ಸೆನ್ಸರಿನ ಬೋಲ್ಟ್ ಕೂರೋ ಕಿವಿ ಸೀಳುತ್ತೆ. ಸಾಮಾನ್ಯವಾಗಿ ಅದು 6 ಮಿಲಿಮೀಟರಿನ ಬೋಲ್ಟ್, 10 ನಂಬರ್ ತಲೆ. ಕೇಸಿಂಗ್ ಅಲ್ಯೂಮಿನಿಯಂ ಆದ್ದರಿಂದ 8ರಿಂದ 10 ನ್ಯೂಟನ್ ಮೀಟರ್ ಸಾಕು.

ನಾಲ್ಕನೇಗೇರ್:
ಅಳೆದೆ. ಸಪ್ಲೈ 12, ಅರ್ತ್ ಸರಿ, ಕನೆಕ್ಟರ್ ಕಳಚಿದಾಗ ಸಿಗ್ನಲ್ ಪಿನ್‌ನಲ್ಲೂ ವೋಲ್ಟೇಜ್ ಇದೆ. ಕನೆಕ್ಟರ್ ಹಾಕಿ ಚಕ್ರ ತಿರುಗಿಸಿದರೆ ಒಮ್ಮೊಮ್ಮೆ ಏರಿಳಿಯುತ್ತೆ, ಒಮ್ಮೊಮ್ಮೆ 12ರಲ್ಲೇ ನಿಂತುಬಿಡುತ್ತೆ. ವೈರ್ ಅಲ್ಲಾಡಿಸಿದರೂ ವ್ಯತ್ಯಾಸ ಇಲ್ಲ. ಸೆನ್ಸರ್ ತುದಿಯಲ್ಲಿ ಪ್ಲಾಸ್ಟಿಕ್ ಗೇರ್ ಇದೆ.

ವೈರಿಂಗ್‌ಪಂಡಿತ:
ಹಾಗಾದರೆ ಉಳಿದಿರೋದು ಎರಡೇ: ಸೆನ್ಸರಿನ ಎಲೆಕ್ಟ್ರಾನಿಕ್ಸ್, ಇಲ್ಲಾ ಆ ಪ್ಲಾಸ್ಟಿಕ್ ಗೇರ್. ಸೆನ್ಸರ್ ಹೊರಗೆ ತೆಗೆದು, ಕನೆಕ್ಟರ್ ಹಾಕಿಯೇ ಇಟ್ಟು, ಬ್ಯಾಟರಿ ಜೋಡಿಸಿ ಇಗ್ನಿಷನ್ ಆನ್ ಮಾಡಿ, ಗೇರನ್ನ ಬೆರಳಲ್ಲಿ ತಿರುಗಿಸಿ. ಪ್ರತಿ ಸುತ್ತಿಗೂ ತಪ್ಪದೆ ಪಲ್ಸ್ ಬಂದರೆ ಸೆನ್ಸರ್ ಚೆನ್ನಾಗಿದೆ; ಹಲ್ಲು ಸವೆದಿದೆಯಾ, ಗೇರ್ ತನ್ನ ಶಾಫ್ಟ್ ಮೇಲೆ ಜಾರ್ತಿದೆಯಾ ನೋಡಿ. ಗೇರ್ ತಿರುಗ್ತಿದ್ದರೂ ಪಲ್ಸ್ ನಿಂತರೆ ಸೆನ್ಸರ್ ಬದಲಿಸಿ. ಕನೆಕ್ಟರ್ ಒಳಗೆ ಗೇರ್ ಆಯಿಲ್ ಜಿನುಗಿದ್ದರೆ ಶಾಫ್ಟ್ ಸೀಲ್ ಹೋಗಿದೆ, ಆಗಲೂ ಅದೇ.

ಮೀಟರ್‌ಮುಳ್ಳು:
ಯಾರೂ ಹೇಳದ ಒಂದು ವಿಷಯ: ಹಲ್ಲು ಎಣಿಸಿ. ನೋಡೋಕೆ ಒಂದೇ ಥರ ಇರೋ ಸೆನ್ಸರ್‌ಗಳಲ್ಲೂ ಗೇರಿನ ಹಲ್ಲು ಬೇರೆ ಇರಬಹುದು, ಬೋಲ್ಟ್ ಮಾತ್ರ ಸರಿಯಾಗಿ ಕೂರುತ್ತೆ. 21 ಹಲ್ಲಿನ ಜಾಗಕ್ಕೆ 23ರದ್ದು ಹಾಕಿದರೆ ಶಾಫ್ಟ್ ನಿಧಾನ ಆಗಿ, ಮೊದಲು 100 ತೋರಿಸ್ತಿದ್ದ ಕಡೆ 91 ತೋರಿಸುತ್ತೆ. ಕಿಲೋಮೀಟರ್ ಲೆಕ್ಕವೂ ಅಷ್ಟೇ ತಪ್ಪುತ್ತೆ. ಹಳೇ ಗೇರ್ ಸವೆದಿಲ್ಲದಿದ್ದರೆ ಕ್ಲಿಪ್ ತೆಗೆದು ಅದನ್ನೇ ಹೊಸ ಸೆನ್ಸರ್‌ಗೆ ಹಾಕೋದು ಒಳ್ಳೇದು.

ಹಲ್ಲು ಹೊಂದಿದರೆ ಸೆಟ್ಟಿಂಗ್ ಏನೂ ಬೇಡ. ಕೋಡ್ ಅಳಿಸಿ ಓಡಿಸಿ, ಒಂದೇ ವೇಗದಲ್ಲಿ ಹೋಗುವಾಗ ಪಕ್ಕದಲ್ಲಿ ಕೂತವರಿಗೆ ಜಿಪಿಎಸ್ ನೋಡೋಕೆ ಹೇಳಿ. ವಿಶ್ವಸಂಸ್ಥೆಯ ನಿಯಮ 39ರ ಪ್ರಕಾರ ಮೀಟರ್ ನಿಜ ವೇಗಕ್ಕಿಂತ ಕಮ್ಮಿ ತೋರಿಸುವಂತಿಲ್ಲ, ಹೆಚ್ಚು ತೋರಿಸಿದರೆ ಶೇ. 10ರ ಮೇಲೆ 4 ಕಿಲೋಮೀಟರ್‌ವರೆಗೆ ಪರವಾಗಿಲ್ಲ. ಜಿಪಿಎಸ್ 80 ಅಂದಾಗ ಮೀಟರ್ 84 ತೋರಿಸಿದರೆ ತಲೆ ಕೆಡಿಸ್ಕೋಬೇಡಿ. 75 ತೋರಿಸಿದರೆ ಸೆನ್ಸರಿನ ಗೇರ್ ಬದಲಾಗಿದೆ, ಇಲ್ಲಾ ಟೈರ್ ಅಳತೆ ದೊಡ್ಡದಾಗಿದೆ.

ಇದನ್ನ ಓದಿ ಎಬಿಎಸ್ ಇರೋ ಹೊಸ ಗಾಡಿಯ ಗೇರ್‌ಬಾಕ್ಸ್ ಮೇಲೆ ಸೆನ್ಸರ್ ಹುಡುಕಬೇಡಿ. ಅಂಥ ಬಹಳಷ್ಟರಲ್ಲಿ ವೇಗ ಬರೋದು ಚಕ್ರದ ಸೆನ್ಸರ್‌ಗಳಿಂದ, ಎಬಿಎಸ್ ಯೂನಿಟ್ ಮೂಲಕ.