6 ಲಕ್ಷದೊಳಗೆ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು: ಹಾಸನ–ಸಕಲೇಶಪುರ ಕಡೆಯವರು ಸ್ವಲ್ಪ ಹೇಳಿ

ಹಾನುಬಾಳು ಹುಡುಗ

ಎಲ್ಲರಿಗೂ ನಮಸ್ಕಾರ. ವಯಸ್ಸು 23, ಕೆಲಸ ಹಾಸನದಲ್ಲಿ, ಮನೆ ಹಾನುಬಾಳು ಕಡೆ. ಶನಿವಾರ ಸಂಜೆ ಊರಿಗೆ ಹೊರಟರೆ ಸೋಮವಾರ ಬೆಳಗ್ಗೆ ವಾಪಸ್. ಲೈಸೆನ್ಸ್ ಮಾಡಿಸಿ ನಾಲ್ಕು ವರ್ಷ ಆಯ್ತು, ಆದರೆ ಓಡಿಸಿದ್ದೆಲ್ಲ ಅಪ್ಪನ ಹಳೇ ಓಮ್ನಿ ಮತ್ತು ತೋಟದ ಜೀಪು. ಎರಡರಲ್ಲೂ ಪಿಕಪ್ ಅನ್ನುವ ಪದಕ್ಕೆ ಜಾಗವೇ ಇಲ್ಲ.

ಕೂಡಿಟ್ಟಿದ್ದು 4 ಲಕ್ಷ, ಇನ್ನೆರಡು ಲಕ್ಷ ಸಾಲ ಮಾಡಬಹುದು. ಎರಡು ಬಾಗಿಲಿನ ನಿಜವಾದ ಸ್ಪೋರ್ಟ್ಸ್ ಕಾರು ಈ ದುಡ್ಡಿಗೆ ಆಗದ ಮಾತು, ಗೊತ್ತು. ಓಡಿಸುವಾಗ ಖುಷಿ ಕೊಡುವ ಸಣ್ಣ ಗಾಡಿ ಸಾಕು. ಕಣ್ಣಿಗೆ ಬಿದ್ದಿರುವುದು ನಾಲ್ಕು. 2020ರ ಪೋಲೋ 1.0 ಟಿಎಸ್‌ಐ ಮ್ಯಾನುಯಲ್, 62 ಸಾವಿರ ಕಿ.ಮೀ. ಓಡಿದೆ, 6.1 ಹೇಳುತ್ತಿದ್ದಾರೆ. ಬೆಂಗಳೂರಲ್ಲಿ 2016ರ ಫಿಯಟ್ ಅಬಾರ್ಥ್ ಪುಂಟೊ, 5.2. ಚಿಕ್ಕಮಗಳೂರಲ್ಲೇ ಒಂದು 2017ರ ಬಲೆನೊ ಆರ್‌ಎಸ್, 4.9. ಆಮೇಲೆ ನಗಬೇಡಿ, ದೆಹಲಿ ನಂಬರಿನ 2012ರ ಬಿಎಂಡಬ್ಲ್ಯು 320ಡಿ, 5.5 ಅಷ್ಟೇ!

ಅಪ್ಪನ ಪ್ರಕಾರ "ಸುಮ್ನೆ ಒಂದು ಸ್ವಿಫ್ಟ್ ತಗೊ". ಅಮ್ಮ ಮಾತೇ ಆಡುತ್ತಿಲ್ಲ. ಯಾವುದು ತೆಗೆದುಕೊಳ್ಳಲಿ?

ಮಂಜಿನೂರು

ನಗಬೇಡಿ ಅಂದರೂ ನಕ್ಕೆ ಮಾರಾಯ. ಆ ದೆಹಲಿ ಗಾಡಿ ಯಾಕೆ ಅಗ್ಗ ಅಂತ ಯೋಚಿಸಿದ್ದೀಯಾ? ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಯನ್ನು ದೆಹಲಿಯಲ್ಲಿ ಇಟ್ಟುಕೊಳ್ಳುವುದೇ ತಲೆನೋವು, ಅದಕ್ಕೇ ಬೇರೆ ರಾಜ್ಯಕ್ಕೆ ಸಾಗಹಾಕುತ್ತಾರೆ. ಇಲ್ಲಿಗೆ ತಂದ ಮೇಲೆ ಎನ್‌ಒಸಿ ತರಿಸು, ನಮ್ಮ ಆರ್‌ಟಿಒದಲ್ಲಿ ಹೊಸ ನಂಬರ್ ಹಾಕಿಸು, ಕರ್ನಾಟಕದ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟು. ಇಷ್ಟೆಲ್ಲ ಆದ ಮೇಲೂ ಗಾಡಿಯ ಬೆಲೆ ಮಾತ್ರ ಇಳಿದಿರುತ್ತದೆ, ಅದರ ಪಾರ್ಟ್ಸ್ ಬೆಲೆ ಇಳಿದಿರುವುದಿಲ್ಲ. ಹೊಸದರಲ್ಲಿ ತೆಗೆದುಕೊಂಡವನು ಕೊಡುತ್ತಿದ್ದಷ್ಟೇ ನೀನೂ ಕೊಡಬೇಕು. ಅವನ ಸಂಬಳ ಎಷ್ಟಿತ್ತೋ, ನಿನ್ನದು ಎಷ್ಟಿದೆಯೋ.

ಅಬಾರ್ಥ್ ತಗೋ. ಕಣ್ಣು ಮುಚ್ಚಿ. 145 ಕುದುರೆ, ನಾಲ್ಕೂ ಚಕ್ರಕ್ಕೆ ಡಿಸ್ಕ್, ಆ ಸ್ಟೀರಿಂಗ್ ಕೈಗೆ ಕೊಡುವ ಭಾರ ಈಗಿನ ಯಾವ ಗಾಡಿಯಲ್ಲೂ ಇಲ್ಲ.

ವೀಲ್ ಸ್ಪ್ಯಾನರ್

ಕಣ್ಣು ಮುಚ್ಚಿ ಗಾಡಿ ತೆಗೆದುಕೊಂಡವರೇ ಆಮೇಲೆ ನನ್ನ ಹತ್ತಿರ ಬರುವುದು, ಅದರಿಂದಲೇ ನನ್ನ ಹೊಟ್ಟೆಪಾಡು. ಚಿಕ್ಕಮಗಳೂರಲ್ಲಿ ಹದಿನೆಂಟು ವರ್ಷದಿಂದ ಗ್ಯಾರೇಜ್ ಇಟ್ಟಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಅಬಾರ್ಥ್ ಒಳ್ಳೇ ಗಾಡಿ, ನನಗೂ ಇಷ್ಟ. ಆದರೆ ಫಿಯಟ್ ಇಲ್ಲಿ ಕಾರು ಮಾರುವುದು ನಿಲ್ಲಿಸಿ ವರ್ಷಗಳಾದವು. ಬೇರೆ ಪುಂಟೊಗಳ ಕೆಲವು ಪಾರ್ಟ್ಸ್ ಕೂರುತ್ತವೆ, ಅಬಾರ್ಥ್‌ಗೇ ಅಂತ ಇರುವುದನ್ನು ಮಾತ್ರ ಹುಡುಕಿ ತರಿಸಬೇಕು. ನಿನಗೆ ಇನ್ನೊಂದು ಗಾಡಿ ಇದ್ದರೆ ತಗೋ ಅನ್ನುತ್ತಿದ್ದೆ. ಒಂದೇ ಗಾಡಿ, ಸೋಮವಾರ ಬೆಳಗ್ಗೆ ಕೆಲಸಕ್ಕೆ ಹೋಗಲೇಬೇಕು ಅಂದರೆ ಬೇಡ. ನೆಲದಿಂದ ಎತ್ತರವೂ ಕಡಿಮೆ. ನಿಮ್ಮ ತೋಟದ ದಾರಿಯಲ್ಲಿ ಜೀಪಿನ ಚಕ್ರ ಹೋಗಿ ಹೋಗಿ ನಡುವೆ ದಿಣ್ಣೆ ಎದ್ದಿರುತ್ತದಲ್ಲ, ಅದು ಹೊಟ್ಟೆಗೆ ತಾಗುತ್ತದೆ.

ಪೋಲೋ 1.0 ಟಿಎಸ್‌ಐಗೆ 110 ಪಿಎಸ್ (ಹೆಚ್ಚುಕಡಿಮೆ ಅಷ್ಟೇ ಕುದುರೆ), ಎಳೆಯುವ ಬಲ 175 ಎನ್‌ಎಂ, ಆರು ಗೇರು. ದೋಣಿಗಲ್‌ನಿಂದ ಶಿರಾಡಿ ಇಳಿದು ಮತ್ತೆ ಹತ್ತುವಾಗ ಲಾರಿ ಹಿಂದೆ ಸಿಕ್ಕಿಕೊಂಡಿರುತ್ತೀಯಲ್ಲ, ಆಗ ಮೂರನೇ ಗೇರಿನಲ್ಲಿ ಅದು ಎಳೆಯುವ ರೀತಿಯೇ ಬೇರೆ. ರ‍್ಯಾಲಿ ಬಂದಾಗ ನಮ್ಮ ಕಾಫಿ ತೋಟದ ಮಣ್ಣು ದಾರಿಯಲ್ಲಿ ಪೋಲೋಗಳು ಎಷ್ಟು ಓಡುತ್ತವೆ ನೋಡಿದ್ದೀಯಲ್ಲ. 2022ಕ್ಕೆ ಇಲ್ಲಿ ತಯಾರಿಕೆ ನಿಂತಿದೆ, ಆದರೂ ಪಾರ್ಟ್ಸ್‌ಗೆ ಸದ್ಯಕ್ಕೆ ಪರದಾಟ ಇಲ್ಲ, ಅಗ್ಗವಂತೂ ಅಲ್ಲ. ಇದೇ ಪೋಲೋದ ಹಳೇ ಜಿಟಿ ಆಟೋಮ್ಯಾಟಿಕ್ ಕಡಿಮೆಗೆ ಸಿಕ್ಕಿತು ಅಂತ ಹಾರಬೇಡ. ಆ ಏಳು ಗೇರಿನ ಡ್ರೈ ಕ್ಲಚ್ ಪೆಟ್ಟಿಗೆಗೆ ನಿಂತು ನಿಂತು ಹೋಗುವ ಟ್ರಾಫಿಕ್ ಆಗಿಬರುವುದಿಲ್ಲ, ಗೇರು ಬದಲಿಸುವ ಒಳಗಿನ ಕಂಟ್ರೋಲ್ ಯೂನಿಟ್, ಮೆಕಾಟ್ರಾನಿಕ್ ಅನ್ನುತ್ತಾರೆ, ಅದು ಕೆಟ್ಟರೆ ಬಿಲ್ ನೋಡಿ ನಿಮ್ಮಪ್ಪ ತೋಟದಿಂದಲೇ ಕೂಗುತ್ತಾರೆ.

ಬಲೆನೊ ಆರ್‌ಎಸ್ ಬಗ್ಗೆ ಯಾರೂ ಮಾತಾಡುವುದಿಲ್ಲ, ಸ್ಟೈಲಿಲ್ಲ ಅಂತ. ಒಂದು ಲೀಟರ್ ಟರ್ಬೋ, 102 ಪಿಎಸ್, ಹಿಂದೆಯೂ ಡಿಸ್ಕ್, ತೂಕ ಕಡಿಮೆ. ಸರ್ವೀಸ್ ಸಕಲೇಶಪುರದಲ್ಲೇ ಆಗುತ್ತದೆ. ಆದರೆ ಒಂದು ವಿಷಯ ಮರೆಯಬೇಡ. 2023ರ ಏಪ್ರಿಲ್‌ನಲ್ಲಿ ಕಂಪನಿಯೇ 7,213 ಆರ್‌ಎಸ್ ಗಾಡಿಗಳನ್ನು ವಾಪಸ್ ಕರೆದಿತ್ತು. ಬ್ರೇಕ್ ಪೆಡಲ್‌ಗೆ ಬಲ ಕೊಡುವ ವ್ಯಾಕ್ಯೂಮ್ ಪಂಪಿನಲ್ಲಿ ದೋಷ ಇರಬಹುದು, ಹಾಗಾದರೆ ಪೆಡಲ್ ಜಾಸ್ತಿ ಒತ್ತಬೇಕಾಗುತ್ತದೆ ಅಂತ. 2016ರ ಅಕ್ಟೋಬರ್‌ನಿಂದ 2019ರ ನವೆಂಬರ್‌ವರೆಗೆ ತಯಾರಾದವು ಅದರಲ್ಲಿವೆ. ನೀನು ಹೇಳುವ ಗಾಡಿಯೂ ಆ ಲೆಕ್ಕಕ್ಕೆ ಬರುತ್ತದೆ. ಚಾಸಿ ನಂಬರ್ ಕೊಟ್ಟು ಆ ಕೆಲಸ ಆಗಿದೆಯಾ ಅಂತ ಶೋರೂಮಿನಲ್ಲಿ ಕೇಳು.

ಇನ್ನೊಂದು. 6 ಲಕ್ಷ ಇದೆ ಅಂತ 6 ಲಕ್ಷದ ಗಾಡಿ ನೋಡಬೇಡ. 5ರ ಗಾಡಿ ನೋಡು, 1 ಲಕ್ಷ ಪಕ್ಕಕ್ಕಿಡು. ಟೈರು, ಬ್ರೇಕ್ ಪ್ಯಾಡು, ಕ್ಲಚ್ಚು, ಸಸ್ಪೆನ್ಷನ್ ಬುಷ್ಷು ಎಲ್ಲ ಮೊದಲ ಆರು ತಿಂಗಳಲ್ಲೇ ಬಾಯಿ ಬಿಡುತ್ತವೆ.

ಮಳೆಗಾಲದವ

ಟೈರು ಅಂದರಲ್ಲ, ನನ್ನ ಕಥೆ ಕೇಳಿ. 21ನೇ ವಯಸ್ಸಿಗೆ ನಾನೂ ಒಂದು ಟರ್ಬೋ ಗಾಡಿ ತಂದೆ, ಯಾವುದು ಅಂತ ಬೇಡ, ಗಾಡಿಯ ತಪ್ಪಲ್ಲ. ಮಾರಿದವನು ಟೈರಿಗೆ ಕಪ್ಪು ಪಾಲಿಶ್ ಹೊಡೆದು ಮಿಂಚಿಸಿ ಕೊಟ್ಟಿದ್ದ. ಟ್ರೆಡ್, ಅಂದರೆ ಟೈರಿನ ಮೇಲಿನ ಗೀರು, ಇತ್ತು, ಬೆರಳಿಟ್ಟು ನೋಡಿದ್ದೆ, ಅಷ್ಟೇ ಸಾಕು ಅಂದುಕೊಂಡೆ. ಜುಲೈನಲ್ಲಿ ಚಾರ್ಮಾಡಿ ಇಳಿಯುತ್ತಿದ್ದೆ, ಜಿರಿಜಿರಿ ಮಳೆ, ಮಂಜು, ನಲವತ್ತರ ಮೇಲೆ ಸ್ಪೀಡೇ ಇರಲಿಲ್ಲ. ತಿರುವಿನಲ್ಲಿ ಎದುರು ಬಸ್ಸು ಬಂತು, ಬ್ರೇಕ್ ಒತ್ತಿದೆ, ಗಾಡಿ ನಿಲ್ಲಲಿಲ್ಲ, ಸ್ಟೀರಿಂಗ್ ತಿರುಗಿಸಿದರೂ ಅದು ನೇರವೇ ಹೋಯಿತು. ಪುಣ್ಯಕ್ಕೆ ಗುಡ್ಡದ ಕಡೆಯ ಚರಂಡಿ ಸಿಕ್ಕಿತು. ಪ್ರಪಾತದ ಕಡೆ ಆಗಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ಎಳೆಯಲು ಬಂದ ಜೀಪಿನವರು ಟೈರು ಒರೆಸಿ ತೋರಿಸಿದರು. ಪಕ್ಕದಲ್ಲಿ ಉದ್ದಗೆ ಇಂಗ್ಲಿಷ್ ಅಕ್ಷರ ಇರುತ್ತವಲ್ಲ, ಅದರ ಕೊನೆಗೆ ಒಂದು ಸಣ್ಣ ಗೂಡಿನಲ್ಲಿ ನಾಲ್ಕು ಅಂಕಿ. ನನ್ನದರಲ್ಲಿ 3411. ಅಂದರೆ 2011ರ 34ನೇ ವಾರ ತಯಾರಾಗಿದ್ದು. ಆಗಲೇ ಎಂಟು ವರ್ಷ ಹಳೆಯದು. ರಬ್ಬರ್ ಉಗುರಿನಲ್ಲಿ ಒತ್ತಿದರೆ ಹಲಗೆಯ ಹಾಗಿತ್ತು. ಅಂಕಿ ಒಳಮೈಯಲ್ಲೂ ಇರಬಹುದು, ಬಗ್ಗಿ ನೋಡಬೇಕು. ನಾಲ್ಕೂ ಟೈರು ನೋಡು, ಸ್ಟೆಪ್ನಿಯನ್ನೂ ನೋಡು.

ಕಾಗದ ಪತ್ರ

ಇನ್ಶೂರೆನ್ಸ್ ಬಗ್ಗೆ ಯಾರೂ ಹೇಳಿಲ್ಲ. ಹೊರದೇಶದಲ್ಲಿ ಹುಡುಗರ ವಯಸ್ಸು ನೋಡಿ ಪ್ರೀಮಿಯಂ ಏರಿಸುತ್ತಾರೆ, ಅಲ್ಲಿಯ ವಿಡಿಯೋ ನೋಡಿ ಹೆದರಬೇಡಿ. ನಮ್ಮಲ್ಲಿ ಥರ್ಡ್ ಪಾರ್ಟಿಗೆ ಇಂಜಿನ್ ಸಿಸಿ ಲೆಕ್ಕ. 2022ರಲ್ಲಿ ನಿಗದಿಯಾದ ದರದಲ್ಲಿ 1000 ಸಿಸಿವರೆಗೆ ವರ್ಷಕ್ಕೆ 2,094, 1500ರವರೆಗೆ 3,416, ಅದರ ಮೇಲೆ 7,897 ರೂಪಾಯಿ, ಜಿಎಸ್‌ಟಿ ಬೇರೆ. ಪೋಲೋ 999, ಬಲೆನೊ ಆರ್‌ಎಸ್ 998. ಎರಡೂ ಕೂದಲೆಳೆಯಲ್ಲಿ ಕೆಳಗಿನ ದರಕ್ಕೆ ಬರುತ್ತವೆ! ಅಬಾರ್ಥ್ 1368, ನಡುವಿನದು.

ಹಳೇ ಓನರಿನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಅದು ಅವರದೇ. ಸಾಲದ ಗಾಡಿಯಾಗಿದ್ದರೆ ಬ್ಯಾಂಕಿನ ಹೆಸರು ಆರ್‌ಸಿಯಿಂದ ತೆಗೆಸದೆ ಒಂದು ರೂಪಾಯಿಯೂ ಕೊಡಬೇಡಿ. ರೀಮ್ಯಾಪ್, ಅಂದರೆ ಪವರ್ ಏರಿಸಲು ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ, ಮಾಡಿಸಿದ್ದಾರಾ ಅಂತ ನೇರವಾಗಿ ಕೇಳಿ. ಅದನ್ನು ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ಇನ್ಶೂರೆನ್ಸ್‌ನವರಿಗೆ ಅದೇ ನೆಪ.

ಮಂಜಿನೂರು

ಎಲ್ಲರೂ ಸೇರಿ ಹುಡುಗನಿಗೆ ಬಲೆನೊ ಕೊಡಿಸುತ್ತಿದ್ದೀರಿ. ಅಬಾರ್ಥ್ ಅಂದಿದ್ದಕ್ಕೆ ನನಗೇನೂ ಪಶ್ಚಾತ್ತಾಪ ಇಲ್ಲ.

ಹಾನುಬಾಳು ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ದೆಹಲಿ ಗಾಡಿ ಬಿಟ್ಟೆ. ಪೋಲೋದವರು 6ರ ಕೆಳಗೆ ಇಳಿಯುತ್ತಲೇ ಇಲ್ಲ. ಹಾಗಾಗಿ ನಿನ್ನೆ ಅಪ್ಪನ ಜೊತೆ ಚಿಕ್ಕಮಗಳೂರಿಗೆ ಹೋಗಿ ಆರ್‌ಎಸ್ ನೋಡಿ ಬಂದೆ. ಮುಂದಿನ ಎರಡು ಟೈರು 0923, ಹಿಂದಿನ ಎರಡು 1617, ಅಂದರೆ ಗಾಡಿಯ ಜೊತೆ ಬಂದಿದ್ದೇ. ಇದನ್ನು ಹೇಳಿದ ತಕ್ಷಣ ಮಾರುವವರು ತಾವಾಗೇ 15 ಸಾವಿರ ಇಳಿಸಿದರು. ಪಂಪ್ ಬದಲಾಯಿಸಿದ ಚೀಟಿ ಇದೆ. ನೆರೆ ನೀರಿಗೆ ಸಿಕ್ಕಿದ ಗಾಡಿಯಾ ಅಂತ ಸೀಟ್ ಬೆಲ್ಟ್ ಪೂರ್ತಿ ಎಳೆದು ನೋಡಿದೆ, ಕೆಸರಿನ ಕಲೆ ಇಲ್ಲ. ಕೈಮರದ ತನಕ ಓಡಿಸಿದೆ, ಎರಡನೇ ಗೇರಿನಲ್ಲಿ ಟರ್ಬೋ ಹಿಡಿದಾಗ ಅಪ್ಪ ಮೇಲಿನ ಹಿಡಿ ಹಿಡಿದುಕೊಂಡರು, ಏನೂ ಮಾತಾಡಲಿಲ್ಲ. ವಾಪಸ್ ಬಂದ ಮೇಲೆ ಡಿಕ್ಕಿ ತೆಗೆಸಿ ಎಷ್ಟು ಮೂಟೆ ಹಿಡಿಯುತ್ತದೆ ಅಂತ ಕೇಳಿದರು. ಒಪ್ಪಿಗೆ ಅಂತಲೇ ಲೆಕ್ಕ, ಅಲ್ವಾ?

ವೀಲ್ ಸ್ಪ್ಯಾನರ್

ನೀವು ಹೋದಾಗ ಬಾನೆಟ್ ಮುಟ್ಟಿ ನೋಡಿದೆಯಾ? ತಣ್ಣಗಿತ್ತಾ?

ಹಾನುಬಾಳು ಹುಡುಗ

ಇಲ್ಲ ಅಣ್ಣ, ಬಿಸಿ ಇತ್ತು. ಈಗಷ್ಟೇ ತೊಳೆಸಿಕೊಂಡು ಬಂದೆ ಅಂದರು.

ವೀಲ್ ಸ್ಪ್ಯಾನರ್

ತೊಳೆಸಿರಲೂಬಹುದು. ಆದರೆ ಟರ್ಬೋ ಗಾಡಿ ಎಣ್ಣೆ ಸುಡುತ್ತಿದ್ದರೆ ಅದು ಗೊತ್ತಾಗುವುದು ರಾತ್ರಿಯಿಡೀ ನಿಂತು ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದೆ. ಭಾನುವಾರ ಬೆಳಗ್ಗೆ ಆರೂವರೆಗೆ ಅವರ ಮನೆ ಮುಂದೆ ನಿಂತು ಫೋನ್ ಮಾಡು, ಮೊದಲೇ ಹೇಳಬೇಡ. ನಾನೂ ಬರುತ್ತೇನೆ, ಒಂದು ಟೀ ಕೊಡಿಸು ಸಾಕು.