ಓದೋರು ಯಾರು?

"ಹೆಸರು ಆಯ್ತು, ಲಾಂಛನ ಆಯ್ತು, ಬಟ್ಟೆ ಚೀಲದ ಮಾದರಿಯೂ ಬಂತು" ಎಂದು ರಾಯರು ಚೀಲವನ್ನು ಎತ್ತಿ ತೋರಿಸಿದರು. "ನಮ್ಮ ಬರವಣಿಗೆ ಬಳಗಕ್ಕೆ ಇನ್ನೇನು ಬಾಕಿ?"

"ಓದೋರು" ಎಂದರು ಮೇಷ್ಟ್ರು.

"40 ಜನ ಹೆಸರು ಕೊಟ್ಟಿದ್ದಾರೆ ಮೇಷ್ಟ್ರೇ!"

"ನಲವತ್ತೂ ಬರೆಯೋಕೆ. ಅಡುಗೆಯವರೇ ನಲವತ್ತು, ಎಲೆ ಮುಂದೆ ಕೂರೋನು ಒಬ್ಬನೂ ಇಲ್ಲ. ಯಾವ ಛತ್ರ ರಾಯ್ರೇ ಇದು?"

ಸುಮಾ ಸುಮ್ಮನಿರಲಿಲ್ಲ. "ಅದಕ್ಕೇ ನಾನು ಹೇಳ್ತಿರೋದು, ಊರಿನವರೆಲ್ಲ ಒಂದೇ ಪುಸ್ತಕ ಓದಿ ಚರ್ಚೆ ಮಾಡೋಣ. ಅಮೆರಿಕದ ಸಿಯಾಟಲ್‌ನಲ್ಲಿ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ 1998ರಲ್ಲೇ ಶುರು ಮಾಡಿದ್ರು. 2001ರಲ್ಲಿ ಷಿಕಾಗೋದವರೂ ಮಾಡಿದ್ರು."

"2002ರಲ್ಲಿ ನ್ಯೂಯಾರ್ಕ್‌ನವರು ಮಾಡಿದ್ದನ್ನೂ ಹೇಳು ತಾಯಿ. ಯಾವ ಪುಸ್ತಕ ಅನ್ನೋದರಲ್ಲೇ ಜಗಳ ಹತ್ತಿಕೊಂಡು ಎಲ್ಲ ನೆಲ ಕಚ್ಚಿತು. ಹೋಗಲಿ, ನಮ್ಮಲ್ಲಿ ಜಗಳ ಆಗಲಿಲ್ಲ ಅಂತಲೇ ಇಟ್ಟುಕೋ. ಗ್ರಂಥಾಲಯದಲ್ಲಿ 10 ಪ್ರತಿ, ಜನ 40, ಒಬ್ಬೊಬ್ಬರಿಗೆ 2 ವಾರ. ಕೊನೆಯ ಹತ್ತು ಜನರ ಕೈಗೆ ಪುಸ್ತಕ ಸಿಗೋದು 7ನೇ ವಾರ. ನೀವು ಚರ್ಚೆ ಇಟ್ಟಿರೋದು 4ನೇ ವಾರ. ಅವತ್ತು ಬಂದವರಲ್ಲಿ ಅರ್ಧ ಜನ ಮುಖಪುಟದ ಬಗ್ಗೆ ಮಾತಾಡ್ತಾರೆ."

"ನಮ್ಮದು ಓದುವ ಕೂಟ ಅಲ್ಲ ಮೇಷ್ಟ್ರೇ, ಕಮ್ಮಟ" ಎಂದ ಕವಿ ಚಂದ್ರು. ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ಇಣುಕುತ್ತಿತ್ತು.

"ಕಮ್ಮಟ ಅಂದ್ರೆ ಏನು ಅಂದುಕೊಂಡೆ? 40 ಜನ ಐದೈದು ನಿಮಿಷ ಓದಿದರೂ 200 ನಿಮಿಷ. 'ಇದೊಂದೇ, ಚಿಕ್ಕದು' ಅಂತ ನೀವು ಕವಿಗಳು ಆಮೇಲೆ ತೆಗೆಯೋದು ಇದರಲ್ಲಿ ಸೇರಿಲ್ಲ. ಅಷ್ಟು ಹೊತ್ತೂ ಪ್ರತಿಯೊಬ್ಬನೂ ತನ್ನ ಸರದಿ ಎಷ್ಟನೆಯದು ಅಂತ ಎಣಿಸ್ತಿರ್ತಾನೆ. ಓದಿ ಮುಗಿಸಿದವನಿಗೆ ತಕ್ಷಣ ಮನೆಯಲ್ಲಿ ಕೆಲಸ ನೆನಪಾಗುತ್ತೆ. ಕೊನೆಯವನ ಕಥೆ ಕೇಳೋಕೆ ಉಳಿಯೋನು ಬೀಗ ಹಾಕೋಕೆ ಕಾದಿರೋ ವಾಚ್‌ಮನ್."

"ಹಾಗಾದ್ರೆ ಹೇಗೆ ಮಾಡಬೇಕು ಅಂತೀರಿ?"

"10 ಜನ ಸಾಕು, 12 ದಾಟಬಾರದು. ಒಂದು ಸಲಕ್ಕೆ ಇಬ್ಬರ ಬರಹ ಮಾತ್ರ. ಒಂದೊಂದೂ 1,500 ಪದದೊಳಗೆ, ಸಾಲು ಬಿಟ್ಟು ಸಾಲು, ಬದಿಯಲ್ಲಿ ಅಗಲವಾಗಿ ಜಾಗ ಬಿಟ್ಟು ಅಚ್ಚು ಹಾಕಿಸಿ, ಒಂದು ವಾರ ಮೊದಲೇ ಎಲ್ಲರ ಕೈಗೆ ಕೊಡಬೇಕು."

"ಅಲ್ಲೇ ಓದಿದರೆ ಏನು ತಪ್ಪು?"

"ನಿನ್ನ ಕಂಠ ಚೆನ್ನಾಗಿದೆಯಪ್ಪಾ, ಅದೇ ತಪ್ಪು. ದನಿ ಏರಿಸಿ ಇಳಿಸಿ ಓದಿದ್ರೆ ಸಾಲಿನ ಕುಂಟು ಕಾಣೋದೇ ಇಲ್ಲ. ಹಾಳೆ ಹಿಡಿದು ಒಬ್ಬನೇ ಕೂತಾಗ ಎಲ್ಲಿ ಎಡವಿದೆ ಅಂತ ಗೊತ್ತಾಗುತ್ತೆ. ಕೂಟದಲ್ಲಿ ಮೊದಲು, ಈ ಬರಹದಲ್ಲಿ ನಮಗೆ ಏನು ಕಾಣಿಸ್ತು ಅನ್ನಬೇಕು. ಆಮೇಲೆ ಎಲ್ಲಿ ದಾರಿ ತಪ್ಪಿತು ಅನ್ನಬೇಕು. ಬರೆದವನು ಅಲ್ಲಿಯವರೆಗೂ ಬಾಯಿ ಬಿಡಕೂಡದು. ಅಯೋವಾ ವಿಶ್ವವಿದ್ಯಾಲಯದ ಕಮ್ಮಟ 1936ರದ್ದು. ಬರೆದವನ ಬಾಯಿಗೆ ಬೀಗ ಹಾಕೋದು ಅಲ್ಲಿ ಹೆಸರಾದ ಪದ್ಧತಿ."

"ಬಾಯಿ ಬಿಡಕೂಡದಾ?" ಚಂದ್ರುವಿನ ಮುಖ ಬಾಡಿತು.

"ಪುಸ್ತಕದ ಜೊತೆ ನೀನು ಮನೆಮನೆಗೂ ಹೋಗಿ ಅರ್ಥ ಬಿಡಿಸಿ ಹೇಳ್ತೀಯಾ?"

ಮಾತು ಬಿಗಿಯಾಯಿತೆಂದು ಸುಮಾ ಕಡಲ್ಗಳ್ಳರನ್ನು ಕರೆತಂದಳು. ಸ್ಯಾನ್ ಫ್ರಾನ್ಸಿಸ್ಕೋದ ವೆಲೆನ್ಸಿಯಾ ಬೀದಿಯಲ್ಲಿ 2002ರಲ್ಲಿ ಮಕ್ಕಳ ಬರವಣಿಗೆ ಕೇಂದ್ರ ತೆರೆಯಲು ಹೊರಟಾಗ, ಆ ಜಾಗದಲ್ಲಿ ಅಂಗಡಿಯೇ ಇರಬೇಕೆಂಬ ನಿಯಮ ಅಡ್ಡ ಬಂತಂತೆ. ಸರಿ, ಮುಂದುಗಡೆ ಕಡಲ್ಗಳ್ಳರಿಗೆ ಬೇಕಾದ ಸಾಮಾನಿನ ಅಂಗಡಿ ಇಟ್ಟು, ಹಿಂದುಗಡೆ ಮಕ್ಕಳನ್ನು ಬರೆಯಲು ಕೂರಿಸಿದರು.

"ಒಂಟಿಗಣ್ಣಿನ ಪಟ್ಟಿ! ಚೀಲದ ಜೊತೆ ಅದಕ್ಕೂ ಆರ್ಡರ್ ಕೊಡೋಣ" ಎಂದರು ರಾಯರು.

"ಅಲ್ಲಿ ಮಗುವಿನ ಪಕ್ಕ ದೊಡ್ಡವರೊಬ್ಬರು ಕೂತು, ಅದು ಬರೆದದ್ದನ್ನು ಓದ್ತಾರೆ ರಾಯ್ರೇ. ನೀವು ಪಟ್ಟಿ ಒಂದನ್ನೇ ತರ್ತೀರಿ. ತನ್ನಿ, ಇರೋ ಎರಡು ಕಣ್ಣಲ್ಲೂ ಓದದ ಮೇಲೆ ಒಂದು ಮುಚ್ಚಿದರೆ ನಷ್ಟವೇನು?"

ಅಷ್ಟರಲ್ಲಿ ಉದ್ಯಾನದ ಪುಸ್ತಕದ ಗೂಡಿನ, ಅಂದರೆ ಯಾರು ಬೇಕಾದರೂ ಪುಸ್ತಕ ಇಟ್ಟು ಹೋಗುವ, ಒಯ್ಯುವ ಪೆಟ್ಟಿಗೆಯ ತಪಾಸಣೆಯ ಹೊತ್ತಾಯಿತು. ಅದೂ ರಾಯರದೇ ಯೋಜನೆ. ಟಾಡ್ ಬೋಲ್ ಎಂಬಾತ 2009ರಲ್ಲಿ ವಿಸ್ಕಾನ್ಸಿನ್‌ನ ಹಡ್ಸನ್‌ನಲ್ಲಿ, ಶಿಕ್ಷಕಿಯಾಗಿದ್ದ ತನ್ನ ತಾಯಿಯ ನೆನಪಿಗೆ ಪುಟ್ಟ ಶಾಲೆಯ ಆಕಾರದಲ್ಲಿ ಇಂಥ ಪೆಟ್ಟಿಗೆ ನಿಲ್ಲಿಸಿದ್ದನ್ನು ಓದಿ ಮಾಡಿಸಿದ್ದು. ಮೊದಲ ಮಳೆಗೇ ಪುಸ್ತಕಗಳು ಉಬ್ಬಿ ಬಾಗಿಲು ಮುಚ್ಚದಾಗಿತ್ತು. ಇಳಿಜಾರಿನ ಸೂರು ಬಾಗಿಲಿಗಿಂತ ಮುಂದೆ ಚಾಚಿರಬೇಕು, ತಳದಲ್ಲಿ ಗಾಳಿಯಾಡಲು ತೂತಿರಬೇಕು ಎಂದು ಮೇಷ್ಟ್ರು ಹೇಳಿದ್ದು ಆಮೇಲೆ ನೆನಪಾಯಿತು. ಹಿಡಿಯೋದು 25 ಪುಸ್ತಕ. ತಿಂಗಳಿಗೊಮ್ಮೆ ಕಳೆ ಕೀಳದಿದ್ದರೆ ಹಳೇ ಪರೀಕ್ಷೆ ಗೈಡುಗಳು, ವಿಶ್ವಕೋಶದ ಎರಡನೇ ಸಂಪುಟವೊಂದೇ, ಇಂಥವೇ ತುಂಬಿಕೊಂಡು ಕೂರುತ್ತವೆ.

ಚಂದ್ರು ಅದರಲ್ಲಿ ತನ್ನ ಕವನ ಸಂಕಲನದ 10 ಪ್ರತಿ ಇಟ್ಟಿದ್ದ. ಹೋದ ತಿಂಗಳು ಎಣಿಸಿದಾಗ 9 ಇದ್ದವು. ಇವತ್ತು ಮತ್ತೆ 10.

"ವಾಪಸ್ಸು ತಂದಿಟ್ಟಿದ್ದಾರೆ" ಎಂದು ರಾಯರು ಮೆಲ್ಲಗೆ ಹೇಳಿದರು, ಸಾವಿನ ಮನೆಯಲ್ಲಿ ಹೇಳುವ ಹಾಗೆ.

ಸುಮಾ ಒಂದೊಂದನ್ನೇ ತಿರುವಿ, ಮೂಲೆ ಮಡಚಿದ್ದ ಪ್ರತಿಯನ್ನು ಹೊರಗೆಳೆದಳು. 37ನೇ ಪುಟದಲ್ಲಿ 'ವಿಶಾದ' ಎಂದಿದ್ದುದರ 'ಶ'ವನ್ನು ಪೆನ್ಸಿಲಿನಲ್ಲಿ ಹೊಡೆದು, ಮೇಲೆ ದುಂಡಗೆ 'ಷ' ಬರೆದಿತ್ತು.

"ಯಾರೋ ಕಿಡಿಗೇಡಿ" ಎಂದರು ರಾಯರು.

ಮೇಷ್ಟ್ರು ಕನ್ನಡಕ ಏರಿಸಿಕೊಂಡರು. "ಕಿಡಿಗೇಡಿ 37ನೇ ಪುಟದವರೆಗೆ ಬರಲ್ಲ ರಾಯ್ರೇ. ಕವಿಯ ಭಾವಚಿತ್ರಕ್ಕೆ ಮೀಸೆ ಬರೆದು ಹೋಗ್ತಾನೆ. ಇವರು ಹೊಟ್ಟೆ ಸೀಳಿದ ಷ ಹಾಕಿದ್ದಾರೆ."

ಚಂದ್ರು ಪುಸ್ತಕ ಕಿತ್ತುಕೊಂಡು ಹಾಳೆ ಮಗುಚಿದ. "41ರಲ್ಲೂ ಒಂದು ತಪ್ಪಿತ್ತು... ಇಲ್ಲಿ, ತಿದ್ದಿದ್ದಾರೆ! 52ರಲ್ಲಿ..." ನಿಂತ. "52ರಲ್ಲಿ ತಿದ್ದಿಲ್ಲ."

ಯಾರೂ ಮಾತಾಡಲಿಲ್ಲ.

"ಆ ಕವನ ಚೆನ್ನಾಗಿರಬೇಕು ಕಣೋ" ಎಂದರು ಮೇಷ್ಟ್ರು. "ತಪ್ಪು ಕಾಣದ ಹಾಗೆ ಓದಿಸಿಕೊಂಡಿದೆ."

ಚಂದ್ರು ಪುಸ್ತಕವನ್ನು ಇದ್ದಲ್ಲೇ ಇಟ್ಟು, ಜೇಬಿನಿಂದ ಒಂದು ಪೆನ್ಸಿಲ್ ತೆಗೆದು ಪಕ್ಕದಲ್ಲಿಟ್ಟ.

"ದಾರ ಕಟ್ಟಯ್ಯಾ, ಕಳುವಾಗುತ್ತೆ" ಎಂದ ರಾಯರು, ಮಾದರಿ ಚೀಲದ ಹಿಡಿಯಿಂದ ಉದ್ದನೆಯ ದಾರವೊಂದನ್ನು ಎಳೆದು ಕೊಟ್ಟರು.